ಕೊಪ್ಪರಿಗೆಯಲ್ಲಿ ಹನ್ನೊಂದು ತಿರುವು

ಬುರುಲ್‌ಗೆ ಬಲಕ್ಕೆ ತಿರುಗಲು ಬರುವುದಿಲ್ಲ ಎಂಬ ಸಂಗತಿ ಕೊಮುರ್-ಸಾಯ್ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸ್ವತಃ ಬುರುಲ್‌ಗೂ. ನಲವತ್ತಾರರ ಹೆಂಗಸು. ಎಂಟನೆಯ ವಯಸ್ಸಿನಿಂದ ಸ್ಕೀ ಮೇಲೆ ನಿಂತವಳು. ಕಲ್ಲಿದ್ದಲ ಗಣಿ ಮುಚ್ಚಿ ಊರು ಖಾಲಿಯಾಗುತ್ತಿದ್ದ ಕಾಲದಲ್ಲಿ ಹೊರದೇಶದ ಅತಿಥಿಗಳನ್ನು ಮೊದಲು ಬೆಟ್ಟ ಹತ್ತಿಸಿದವಳು ಅವಳೇ. ಅಂದಿನಿಂದ ಹದಿನೆಂಟು ಚಳಿಗಾಲ ಒಬ್ಬರಿಗೂ ಒಂದು ಗೀರು ಆಗದಂತೆ ಹತ್ತಿಸಿ ಇಳಿಸಿದ್ದಳು. ಅಂಥವಳಿಗೆ ಬಲಕ್ಕೆ ತಿರುಗಲು ಬರುವುದಿಲ್ಲ ಎಂದು ತೋರಿಸಿಕೊಟ್ಟವನು ಅವಳ ಮೈದುನ ತಿಲೆಕ್. ಅದೂ ತಮಾಷೆಗೆ.

ಡಿಸೆಂಬರ್ ಮೊದಲ ವಾರ. ಬುರುಲ್ ಅಡುಗೆಮನೆಯಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದಳು. ತಿಲೆಕ್ ಬಾಣಲೆಯಿಂದ ಆಗಷ್ಟೇ ತೆಗೆದ ಒಂದನ್ನು ಬಾಯಿಗೆ ಹಾಕಿಕೊಂಡು, ಉಫ್ ಉಫ್ ಎನ್ನುತ್ತಲೇ ಮೊಬೈಲನ್ನು ಅವಳ ಮೂಗಿನ ಹತ್ತಿರ ಹಿಡಿದ.

“ಜೆಂಗೆ, ನಿನ್ನೆ ಹಿಂದಿನಿಂದ ತೆಗೆದಿದ್ದು, ನೋಡಿ. ಎಡಕ್ಕೆ ತಿರುಗೋವಾಗ ನೀವು ಹದ್ದು. ಬಲಕ್ಕೆ ತಿರುಗೋವಾಗ ಮೊಟ್ಟೆ ಇಡೋಕೆ ಜಾಗ ಹುಡುಕ್ತಿರೋ ಕೋಳಿ.”

ಅತ್ತಿಗೆಯನ್ನು ಜೆಂಗೆ ಎಂದು ಕರೆಯುವ ಮೈದುನನಿಗೆ ಅಲ್ಲಿ ಇಷ್ಟು ಸಲಿಗೆ ಇದ್ದೇ ಇರುತ್ತದೆ. ಮೂವತ್ತೆರಡು ದಾಟಿದರೂ ಮದುವೆಯಾಗದ ತಿಲೆಕ್, ಅಣ್ಣನ ಮನೆಯಲ್ಲೇ ಉಂಡು, ಅತ್ತಿಗೆಯ ಜೊತೆಗೇ ಅತಿಥಿಗಳನ್ನು ಕರೆದೊಯ್ಯುತ್ತಿದ್ದ. ಅವಳಿಂದಲೇ ಬೆಟ್ಟ ಕಲಿತವನು.

“ಕೋಳಿ ಮಾಡಿದ ಅಡುಗೆ ತಿನ್ನೋಕೆ ನಾಚಿಕೆ ಆಗಲ್ವಾ ನಿಂಗೆ?” ಎಂದಳು ಬುರುಲ್. ಇಬ್ಬರೂ ನಕ್ಕರು. ಆದರೆ ಅವನು ಹೊರಗೆ ಹೋದ ಮೇಲೆ ಅವಳು ಆ ವಿಡಿಯೊವನ್ನು ಮತ್ತೆ ನೋಡಿದಳು. ಮತ್ತೆ ನೋಡಿದಳು. ಎಣ್ಣೆ ಹೊಗೆಯಾಡತೊಡಗಿತು.

ಬಲಕ್ಕೆ ತಿರುಗುವಾಗ ಮೈಭಾರ ಹೊರಗಿನ ಕಾಲಿಗೆ, ಅಂದರೆ ಎಡಗಾಲಿಗೆ ಬರಬೇಕು. ಪರದೆಯ ಮೇಲಿನ ಹೆಂಗಸು ಎಡಗಾಲಿಗೆ ಭಾರವನ್ನು ಕೊಡುತ್ತಲೇ ಇರಲಿಲ್ಲ. ಹಿಂದಕ್ಕೆ ಕುಳಿತು, ಭುಜವನ್ನು ಎಸೆದು, ಸೊಂಟದಿಂದ ಸ್ಕೀಗಳನ್ನು ಎಳೆದು ಹೇಗೋ ತಿರುಗಿಸಿಕೊಳ್ಳುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆ ಕಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಕೂಡಿಕೊಂಡಿತು, ನೋವೂ ಹೋಯಿತು, ಅವಳು ಅದನ್ನು ಮರೆತೇಬಿಟ್ಟಿದ್ದಳು. ಮೈ ಮರೆತಿರಲಿಲ್ಲ.

ಅವಳಿಗೆ ನಾಚಿಕೆಯಾಗಲಿಲ್ಲ. ಆದದ್ದು ಬೇರೆ. ಬೆಟ್ಟದ ನೆತ್ತಿಯ ಬಲಕ್ಕಿದ್ದ ಕೊಪ್ಪರಿಗೆ ಎಂಬ ಇಳಿಜಾರು ಅವಳ ನೆನಪಿಗೆ ಬಂತು.

ಊರಿನ ಎದುರಿನ ಬೆಟ್ಟದ ನೆತ್ತಿಯಿಂದ ಎಡಕ್ಕೆ ಇಳಿದರೆ ಸ್ಪ್ರೂಸ್ ಮರಗಳ ಸಾಲು. ಅದು ಎಲ್ಲರ ದಾರಿ. ಬಲಕ್ಕೆ ಹೊರಳಿದರೆ ಊರವರು ಕಜಾನ್, ಅಂದರೆ ಕೊಪ್ಪರಿಗೆ, ಎನ್ನುವ ದೊಡ್ಡ ಬೋಳು ಇಳಿಜಾರು, ಮದುವೆ ಮನೆಯ ಕೊಪ್ಪರಿಗೆಯನ್ನು ಓರೆ ಮಾಡಿ ಇಟ್ಟ ಹಾಗೆ. ನೆತ್ತಿಯಿಂದ ಅದರೊಳಗೆ ಹೋಗಲು ಬಂಡೆಗಳ ನಡುವೆ ಒಂದು ಕಿರಿದಾದ ಗಂಟಲಿದೆ. ಕಾಲಿಟ್ಟ ಕೂಡಲೇ ಬಲಕ್ಕೆ ಗಟ್ಟಿಯಾಗಿ ತಿರುಗಬೇಕು, ತಪ್ಪಿದರೆ ಬಂಡೆ. ಹದಿನೆಂಟು ವರ್ಷದಿಂದ ಬುರುಲ್ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ್ದಳು: ಕೊಪ್ಪರಿಗೆಯ ಹಿಮ ಕೆಟ್ಟದ್ದು. ಅವಳ ಮಾತೇ ಊರಿನ ಕಾನೂನಾಯಿತು. ಬೇರೆ ಮಾರ್ಗದರ್ಶಿಗಳೂ ಆ ಕಡೆ ತಿರುಗಿ ನೋಡಲಿಲ್ಲ.

ಹಿಮ ಕೆಟ್ಟದ್ದೋ, ಕಾಲು ಕೆಟ್ಟದ್ದೋ? ಇಷ್ಟು ವರ್ಷ ಕಾಲಿನ ಮಾತನ್ನೇ ಹಿಮದ ಹೆಸರಲ್ಲಿ ಹೇಳಿದ್ದೆನೇ ಎಂದು ಅವಳಿಗೆ ಆ ಮಧ್ಯಾಹ್ನ ಮೊದಲ ಸಲ ಅನುಮಾನ ಬಂತು.

*

ಜಿನಾಯ್ದಾ ಪಾವ್ಲೊವ್ನಾಗೆ ಎಪ್ಪತ್ತಮೂರು. ಒಂದು ಕಾಲದಲ್ಲಿ ಕರಕೋಲ್ ಪಟ್ಟಣದ ಮೇಲಿನ ಬೆಟ್ಟದಲ್ಲಿ ದೇಶದ ತಂಡಕ್ಕೆ ಆಟಗಾರರನ್ನು ಕಡೆದು ಕೊಡುತ್ತಿದ್ದವಳು. ಸೊಂಟದ ಕೀಲು ಬದಲಾಯಿಸಿಕೊಂಡ ಮೇಲೆ ಸ್ಕೀ ಬಿಟ್ಟಿದ್ದಳು, ಕೂಗುವುದನ್ನು ಬಿಟ್ಟಿರಲಿಲ್ಲ. ಬಣ್ಣ ಮಾಸಿದ ನೀಲಿ ಜಾಕೆಟ್ ತೊಟ್ಟು, ಇಳಿಜಾರಿನ ಬುಡದಲ್ಲಿ ಸೇಬಿನ ಖಾಲಿ ಪೆಟ್ಟಿಗೆ ಬೋರಲು ಹಾಕಿ ಕೂತು, ಕಲಿಯಲು ತನ್ನಲ್ಲಿಗೆ ಬಂದ ಬುರುಲ್ ಎರಡು ಸಲ ಇಳಿಯುವುದನ್ನು ನೋಡಿದಳು.

“ಎಷ್ಟು ವರ್ಷ ಆಯ್ತು ಸ್ಕೀ ಮಾಡೋಕೆ ಶುರು ಮಾಡಿ?”

“ಮೂವತ್ತೆಂಟು.”

“ಸುಳ್ಳು. ಎಡಗಡೆಗೆ ಮೂವತ್ತೆಂಟು. ಬಲಗಡೆಗೆ ಒಂದು ದಿನಾನೂ ಇಲ್ಲ. ಎಡಕ್ಕೆ ತಿರುಗೋವಾಗ ಅಪ್ಪಣೆ ಕೊಡ್ತೀಯ, ಬಲಕ್ಕೆ ತಿರುಗೋವಾಗ ಬೇಡ್ಕೊಳ್ತೀಯ. ಯಾವಾಗ ಮುರಿದಿದ್ದು?”

ಬುರುಲ್ ಹೇಳಿದಳು. ಮುದುಕಿ ತಲೆಯಾಡಿಸಿದಳು.

“ನಾನು ದೊಡ್ಡವರಿಗೆ ಕಲಿಸಲ್ಲ. ಮಕ್ಕಳ ಹೆದರಿಕೆ ನೀರಿದ್ದ ಹಾಗೆ, ಬಸಿದು ಹಾಕ್ಬಹುದು. ದೊಡ್ಡವರ ಹೆದರಿಕೆ ಮೂಳೆ ಆಗಿರುತ್ತೆ. ಅದನ್ನ ಕಿತ್ತರೆ ಅದರ ಮೇಲೆ ಇನ್ನೇನೇನು ನಿಂತಿತ್ತೋ ಯಾರಿಗೆ ಗೊತ್ತು?”

“ನೀವು ಕಲಿಸದೆ ಇದ್ರೆ ನಾನೇ ಕಲ್ತ್ಕೋತೀನಿ. ಇನ್ನೂ ಕೆಟ್ಟದಾಗಿ ಕಲೀತೀನಿ.”

ಮುದುಕಿ ಅವಳನ್ನು ಒಂದು ಗಳಿಗೆ ನೋಡಿ, “ಬಲಗಾಲಿನ ಸ್ಕೀ ಬಿಚ್ಚು,” ಎಂದಳು.

ಅಂದಿನಿಂದ ಆರು ವಾರ, ಅತಿಥಿಗಳಿಲ್ಲದ ದಿನವೆಲ್ಲ, ಬುರುಲ್ ಒಂದೂವರೆ ಗಂಟೆ ಜೀಪಿನಲ್ಲಿ ಕೂತು ಕರಕೋಲ್‌ಗೆ ಹೋದಳು. ಎಡಗಾಲೊಂದರಲ್ಲೇ ಇಳಿದಳು, ಬಿದ್ದಳು. ಎದ್ದು ಮತ್ತೆ ಇಳಿದಳು. ಐದು ವರ್ಷದ ಮಕ್ಕಳು ಪಕ್ಕದಲ್ಲಿ ಸಾಲಾಗಿ ಜಾರಿ ಹೋಗುತ್ತಾ ಅವಳನ್ನು ಪಿಳಿಪಿಳಿ ನೋಡಿದರು. ಎರಡೂ ಕೋಲುಗಳನ್ನು ತಟ್ಟೆಯಂತೆ ಮುಂದೆ ಅಡ್ಡ ಹಿಡಿದು, ಅದು ಓಲದ ಹಾಗೆ ಇಳಿಯಬೇಕು. ಮೊಣಕಾಲಿನ ಕೆಳಗಿನ ಮೂಳೆ ಬೂಟಿನ ನಾಲಗೆಯನ್ನು ಒತ್ತುತ್ತಲೇ ಇರಬೇಕು. ಒತ್ತಡ ತಪ್ಪಿದ ಕ್ಷಣ ಕೆಳಗಿನಿಂದ ಕೂಗು ಬರುತ್ತಿತ್ತು: “ಕುರ್ಚಿ ಯಾರು ಹಾಕಿದ್ರು ಅಲ್ಲಿ? ಏಳು, ಕೂತ್ಕೋಬೇಡ!”

ಮನೆಗೆ ಬಂದಾಗ ಎಡ ತೊಡೆ ನಡುಗುತ್ತಿತ್ತು. ಗಂಡ ಮೆದೆರ್ ಕುರಿಕೊಬ್ಬು ಬಿಸಿ ಮಾಡಿ ಕಾಲು ತಿಕ್ಕಿಕೊಡುತ್ತಿದ್ದ. ಗಣಿ ಕೆಲಸಗಾರನ ಮಗ, ಮಾತು ಕಡಿಮೆ. “ಇಷ್ಟು ವಯಸ್ಸಿಗೆ ಸರಿ ಮಾಡ್ಕೊಂಡು ಎಲ್ಲಿಗೆ ಹೋಗ್ಬೇಕು?” ಎಂದು ಒಂದು ದಿನ ಕೇಳಿದ. ಬುರುಲ್ ಕಿಟಕಿಯಾಚೆ, ಕೊಪ್ಪರಿಗೆಯ ಕಡೆ ನೋಡಿದಳು.

ಐದನೆಯ ವಾರದ ಒಂದು ಬೆಳಿಗ್ಗೆ, ಗಟ್ಟಿ ಹಿಮದ ಮೇಲೆ, ಎಡ ಸ್ಕೀಯ ಅಂಚು ತಾನಾಗಿಯೇ ಕಚ್ಚಿತು. ಭುಜ ಎಸೆಯಲಿಲ್ಲ, ಸೊಂಟ ಎಳೆಯಲಿಲ್ಲ. ಭಾರ ನೇರ ಪಾದಕ್ಕಿಳಿಯಿತು, ಸ್ಕೀ ಬಾಗಿತು, ಬೆಟ್ಟ ಅವಳ ಸುತ್ತ ಮೆತ್ತಗೆ ತಿರುಗಿತು. ಕೆಳಗೆ ಬಂದು ನಿಂತಾಗ ಕಣ್ಣಲ್ಲಿ ನೀರಿತ್ತು. ಕೂಗು ಬರಲಿಲ್ಲ. ಮುದುಕಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು, ಅದಕ್ಕೆ ಒಂದು ಚಮಚ ಕರಂಟ್ ಹಣ್ಣಿನ ಜಾಮ್ ಹಾಕಿದಳು.

“ಬಂತು,” ಎಂದಳು. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. “ಈಗ ಹೇಳು, ಊರಲ್ಲಿ ಹಿಮ ಹೇಗಿದೆ?”

“ಚೆನ್ನಾಗಿಲ್ಲ.”

“ಚೆನ್ನಾಗಿಲ್ಲದ ವರ್ಷಾನೇ ಕಲಿಯೋಕೆ ಬಂದೆ.” ಲೋಟದ ಬಿಸಿಗೆ ಬೆರಳು ಕಾಯಿಸಿಕೊಳ್ಳುತ್ತಾ ಮುದುಕಿ ಮಾತು ಮುಂದುವರಿಸಿದಳು. “ವಾದಿಮ್ ಅಂತ ಒಬ್ಬ ಇದ್ದ. ಇಂಜಿನಿಯರ್. ನಲವತ್ತು ವಯಸ್ಸು. ಕಡಿದಾದ ಕಡೆ ಹಿಂದಕ್ಕೆ ವಾಲ್ತಿದ್ದ, ಅಷ್ಟೇ ದೋಷ. ನಾನು ಮೂರು ತಿಂಗಳಲ್ಲಿ ತೆಗೆದ್ಬಿಟ್ಟೆ. ಏಪ್ರಿಲ್‌ನಲ್ಲಿ ಅವನು, ತಾನು ಯಾವತ್ತೂ ಹೋಗದೆ ಇದ್ದ ಒಂದು ಕಡೆ ಹೋದ. ಜೂನ್‌ನಲ್ಲಿ ಹಿಮ ಕರಗಿದ ಮೇಲೆ ಸಿಕ್ಕಿದ.”

ಬುರುಲ್ ಲೋಟ ಕೆಳಗಿಟ್ಟಳು.

“ಅವನ ತಿರುವಲ್ಲಿ ತಪ್ಪಿರಲಿಲ್ಲ. ಹಿಮ ಕುಸಿದ ಜಾಗದವರೆಗೂ ಸ್ಕೀ ಗೆರೆ ನೋಡಿದ್ರು, ಬರೆದ ಹಾಗಿತ್ತಂತೆ.” ಮುದುಕಿ ಲೋಟ ಕೊಡವಿ ಎದ್ದಳು. “ನಾಳಿದ್ದು ಬಾ. ತಿರುಗೋವಾಗ ನಿನ್ನ ಕುತ್ತಿಗೆ ಇನ್ನೂ ಬಿಗೀತಿದೆ.”

*

ಆ ವರ್ಷ ಹಿಮ ಮೊದಲಿನಿಂದಲೇ ಸರಿಯಿರಲಿಲ್ಲ. ನವೆಂಬರ್‌ನಲ್ಲಿ ಮೊಣಕಾಲುದ್ದ ಬಿದ್ದು ನಿಂತಿತು. ಆಮೇಲೆ ಐದು ವಾರ ಮೋಡವಿಲ್ಲದ ಕಡುಚಳಿ. ಆ ಹಿಮ ನೆಲಕ್ಕಂಟಿಕೊಂಡೇ ಒಳಗೊಳಗೆ ಒಣಗಿ ಹರಳಾಯಿತು. ಮುಷ್ಟಿಯಲ್ಲಿ ಹಿಡಿದರೆ ಸಕ್ಕರೆಯಂತೆ ಬೆರಳ ಸಂದಿಯಿಂದ ಉದುರುತ್ತಿತ್ತು. ಜನವರಿಯಲ್ಲಿ ಪಡುವಣ ಗಾಳಿ ಎದ್ದು, ಆ ಸಕ್ಕರೆಯ ಮೇಲೆ ಹೊಸ ಹಿಮವನ್ನು ಹಲಗೆಯಂತೆ ಬಡಿದು ಕೂರಿಸಿತು. ನಡೆದರೆ ಕಾಲ ಕೆಳಗೆ ‘ವುಂ’ ಎಂದು ಒಂದು ದಪ್ಪ ಸದ್ದು ಬರುತ್ತಿತ್ತು, ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರು ಬಿಟ್ಟ ಹಾಗೆ. ಹುಲ್ಲು ತರಲು ಹೋದ ಕುದುರೆಗಳು ಬೆಟ್ಟದ ಬುಡದಲ್ಲಿ ನಿಂತು ಕಿವಿ ಹಿಂದಕ್ಕೆ ಮಡಿಚಿದವು. ಹೊಡೆದರೂ ಮುಂದೆ ಹೋಗಲಿಲ್ಲ.

ಬುರುಲ್ ಅತಿಥಿಗಳನ್ನು ಮರಸಾಲು ಬಿಟ್ಟು ಎಲ್ಲೂ ಒಯ್ಯಲಿಲ್ಲ. ಜನವರಿಯ ಕೊನೆಗೆ ನಾಲ್ಕು ದಿನ ಗಾಳಿ ನಿಂತಿತು. ಸದ್ದೂ ನಿಂತಿತು.

ಚಹಾ ಕುಡಿಯುವಾಗ ತಿಲೆಕ್ ಖುಷಿಯಾಗಿ, “ಬೆಟ್ಟ ಸಮಾಧಾನ ಆಯ್ತು,” ಎಂದ.

“ಅಪ್ಪ ಹೇಳ್ತಿದ್ದ,” ಎಂದ ಮೆದೆರ್, ಕಿಟಕಿಯಿಂದ ಕಣ್ಣು ತೆಗೆಯದೆ. “ಗಣಿ ಒಳಗೆ ಮರದ ಕಂಬ ಕಿರ್ ಅಂತಿದ್ರೆ ಕೆಲಸ ಮಾಡ್ತಾ ಇರು. ಸದ್ದು ನಿಂತ್ರೆ ಓಡು.”

“ಅದು ಗಣಿ, ಅಣ್ಣ. ಇದು ಬೆಟ್ಟ.”

“ಎರಡೂ ಒಂದೇ ಕಲ್ಲು.”

ಮರುದಿನ ಅತಿಥಿಗಳಿಗೆ ಬಿಡುವು. ಹಿಮ ನೋಡಿ ಬರೋಣವೆಂದು ಬುರುಲ್ ಮತ್ತು ತಿಲೆಕ್ ಬೆಳಿಗ್ಗೆಯೇ ಹತ್ತಿದರು. ಮೂರು ಗಂಟೆಯ ಏರು. ಒಂದೇ ಒಂದು ಸದ್ದಿಲ್ಲ. ನೆತ್ತಿ ತಲುಪಿದಾಗ ಬಿಸಿಲು ಚುರುಕಾಗಿತ್ತು. ಬಲಗಡೆ ಕೊಪ್ಪರಿಗೆ ಬೆಳ್ಳಗೆ ತುಂಬಿಕೊಂಡು, ಯಾರೂ ಬೆರಳಿಡದ ಕೆನೆಯಂತೆ ಹರಡಿತ್ತು.

ತಿಲೆಕ್ ಕುರುತ್ ಎಂಬ ಒಣ ಮೊಸರಿನ ಉಂಡೆ ಚೀಪುತ್ತಾ ಕೇಳಿದ, “ಜೆಂಗೆ, ಒಂದು ಕೇಳ್ತೀನಿ, ಬೈಬಾರ್ದು. ಇಷ್ಟು ವರ್ಷ ಬೇಡ ಬೇಡ ಅಂದ್ರಲ್ಲ. ಬೇಡ ಅಂದಿದ್ದು ಹಿಮಾನಾ, ಕಾಲಾ?”

ಅವನು ತಮಾಷೆಗೆ ಕೇಳಿದ್ದು. ಅವಳಿಗೆ ತಡೆಯಲಾಗಲಿಲ್ಲ, ಯಾಕೆಂದರೆ ಡಿಸೆಂಬರ್‌ನಿಂದ ಅವಳೂ ಅದನ್ನೇ ಕೇಳಿಕೊಳ್ಳುತ್ತಿದ್ದಳು.

ಅವಳು ಗಂಟಲಿನ ಅಂಚಿಗೆ ಹೋಗಿ ಕೋಲನ್ನು ತಲೆಕೆಳಗು ಮಾಡಿ ಹಿಮದೊಳಗೆ ಚುಚ್ಚಿದಳು. ಮೇಲೆ ಗಟ್ಟಿ. ಒಂದು ಮೊಳ ಇಳಿದ ಮೇಲೆ ಕೋಲು ಕೈತಪ್ಪಿದಂತೆ ಸರ್ರನೆ ಒಳಗೆ ಹೋಯಿತು. ಕೆಳಗೆ ಏನೂ ಇಲ್ಲದ ಹಾಗೆ. ಅದರ ಅರ್ಥ ಅವಳಿಗೆ ಗೊತ್ತಿತ್ತು: ಭಾರ ಬಿದ್ದರೆ ಮೇಲಿನ ಹಲಗೆ ಇಡಿಯಾಗಿ ಜಾರಬಹುದು. ತಾನೇ ಹತ್ತಾರು ಜನಕ್ಕೆ ಕಲಿಸಿದ ಅರ್ಥ. ಆದರೆ ಎಡಗಾಲು ಬೂಟಿನೊಳಗೆ ಬೆಚ್ಚಗೆ, ಗಟ್ಟಿಯಾಗಿ, ಸಿದ್ಧವಾಗಿ ನಿಂತಿತ್ತು. ಇವತ್ತು ಬೇಡ ಎಂದರೆ ಆ ಬೇಡ ಯಾರದು ಎಂದು ಇನ್ನೆಂದೂ ತಿಳಿಯುವುದಿಲ್ಲ ಎನ್ನಿಸಿತು.

“ನೀನು ಇಲ್ಲೇ ಇರು. ನಾನು ಕೆಳಗೆ ಮುಟ್ಟಿದ ಮೇಲೆ ಮರಸಾಲಲ್ಲಿ ಇಳಿದು ಬಾ.”

“ನಾನು ಯಾಕೆ ಮರಸಾಲಲ್ಲಿ?”

“ನಾನು ಹೇಳ್ತಿದೀನಿ, ಅದಕ್ಕೆ.”

ಗಂಟಲೊಳಗೆ ಜಾರಿ, ಬಂಡೆ ಕಣ್ಣಿಗೆ ಬರುವಷ್ಟರಲ್ಲಿ ಎಡಗಾಲಿಗೆ ಭಾರ ಇಳಿಸಿದಳು. ಸ್ಕೀ ಬಾಗಿ ತಿರುಗಿತು. ಬಂಡೆ ಹಿಂದೆ ಹೋಯಿತು. ಆಮೇಲೆ ಎಡಕ್ಕೆ, ಬಲಕ್ಕೆ, ಎಡಕ್ಕೆ. ಒಟ್ಟು ಹನ್ನೊಂದು ತಿರುವು. ಹಿಮ ಪುಡಿಯಾಗಿ ಮೊಣಕಾಲಿಗೆ, ಎದೆಗೆ ಎರಚಿತು. ಯಾವ ತಿರುವು ಯಾವ ಕಡೆಯದೆಂದು ಅವಳಿಗೇ ತಿಳಿಯದಷ್ಟು ಸಮ. ಮೂವತ್ತೆಂಟು ವರ್ಷದಲ್ಲಿ ಅವಳು ಅಷ್ಟು ಚೆನ್ನಾಗಿ ಎಂದೂ ಇಳಿದಿರಲಿಲ್ಲ.

ಏನೂ ಆಗಲಿಲ್ಲ.

ಕೆಳಗೆ ನಿಂತು ತಿರುಗಿ ನೋಡಿದಾಗ ಮೊದಲು ಹೆಮ್ಮೆಯಾಯಿತು. ಆಮೇಲೆ ಇನ್ನೊಂದು ಹೊಳೆಯಿತು. ಅಷ್ಟು ದೊಡ್ಡ ಬಿಳುಪಿನ ನಡುವೆ ಅವಳ ಗೆರೆ ಒಂದೇ, ಮೇಲಿನಿಂದ ಕೆಳಗಿನವರೆಗೆ. ಊರಿನ ಪ್ರತಿ ಕಿಟಕಿಯಿಂದ ಅದು ಕಾಣುತ್ತದೆ.

*

ಕಂಡಿತು ಕೂಡ. ಸಂಜೆಯೊಳಗೆ ಊರೆಲ್ಲ ಮಾತು. ಅಂಗಡಿಯ ಬಾಗಿಲಲ್ಲಿ ನಿಂತ ಮುದುಕರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. “ಬುರುಲ್ ಹೋದಳಂತೆ, ಹಾಗಾದ್ರೆ ಕೊಪ್ಪರಿಗೆ ಒಳ್ಳೇದಾಗಿದೆ,” ಎಂದರು. ಊಟಕ್ಕೆ ಕೂತಾಗ ತಿಲೆಕ್ ತಟ್ಟೆ ನೋಡುತ್ತಾ ಹೇಳಿದ:

“ನಿಮಗೆ ಒಳ್ಳೇದಾದ ಹಿಮ ನನಗೆ ಮಾತ್ರ ಕೆಟ್ಟದ್ದಾ?”

“ಅದು ಒಳ್ಳೇದಲ್ಲ, ತಿಲೆಕ್. ನಾನು ಮಾಡಿದ್ದು ತಪ್ಪು. ಕೋಲು ಚುಚ್ಚಿ ನೋಡಿದೆ, ಒಳಗೆ ಪೊಳ್ಳು. ಗೊತ್ತಿದ್ದೂ ಹೋದೆ.”

“ಗೊತ್ತಿದ್ದೂ ಹೋದ್ರಿ. ಆದ್ರೂ ಬಂದ್ರಿ.” ಅವನು ನಕ್ಕ. ನಗುವಿನಲ್ಲಿ ಸಲಿಗೆ ಇರಲಿಲ್ಲ. “ಇನ್ನೊಬ್ಬರು ಹೋಗದೆ ಇರ್ಲಿ ಅಂತ ಹೇಳೋ ಮಾತು ಇದು. ಇಷ್ಟು ವರ್ಷ ಹೇಳಿದ ಹಾಗೇನೇ.”

ಅವಳು ಮತ್ತೆ ಹೇಳಬಹುದಿತ್ತು. ಆಣೆ ಹಾಕಿಸಬಹುದಿತ್ತು. ಬಾಯಿ ತೆರೆದಳು, ಅವನ ಅನುಮಾನ ಅರ್ಧ ನಿಜವೆಂಬುದು ನಾಲಗೆಯನ್ನು ಹಿಡಿಯಿತು.

ಬೆಳಗಿನ ಆರೂವರೆಗೆ ಎದ್ದು ಒಲೆಗೆ ಕಲ್ಲಿದ್ದಲು ತರಲು ಹೊರಗೆ ಬಂದಾಗ, ಗೋಡೆಗೊರಗಿಸಿದ್ದ ತಿಲೆಕ್‌ನ ಸ್ಕೀಗಳು ಇರಲಿಲ್ಲ. ಗಾಳಿ ಮತ್ತೆ ಎದ್ದಿತ್ತು. ಅದೂ ಬೆಚ್ಚಗಿನ ಗಾಳಿ. ಅವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಮೆದೆರ್‌ನನ್ನು ಎಬ್ಬಿಸಿದಳು.

“ಹಿಮದ ಮೇಲೆ ಓಡೋ ಯಂತ್ರ ಸ್ಟಾರ್ಟ್ ಮಾಡಿ ಇಟ್ಕೋ. ಸಲಿಕೆ ಇರೋರನ್ನೆಲ್ಲ ಕರಿ. ನಾನು ಅವನ ಹಿಂದೆ ಹೋಗ್ತೀನಿ.”

ವಾಕಿ-ಟಾಕಿಗೆ ಅವನು ಉತ್ತರ ಕೊಡಲಿಲ್ಲ. ಅವನು ತುಳಿದು ಮಾಡಿದ ದಾರಿಯಲ್ಲೇ ಅವಳು ಮರಸಾಲು ಹತ್ತಿದಳು. ಮೂರು ಗಂಟೆಯ ಏರನ್ನು ಎರಡು ಗಂಟೆಗೆ ತಂದಳು. ಕೊನೆಯ ಮರಗಳ ಹತ್ತಿರ ಬಂದು ತಲೆಯೆತ್ತಿದಾಗ ಅವನು ನೆತ್ತಿಯಲ್ಲಿ, ಗಂಟಲಿನ ಬಾಯಲ್ಲಿ ನಿಂತು ಬೂಟಿನ ಪಟ್ಟಿ ಬಿಗಿಯುತ್ತಿದ್ದ. ಇನ್ನೂರು ಹೆಜ್ಜೆ ದೂರ. ಕೂಗಿದಳು, ಗಾಳಿ ಮಾತನ್ನು ಹರಿದು ಹಾಕಿತು. ಅವನು ಅವಳನ್ನು ಕಂಡು ವಾಕಿ-ಟಾಕಿ ತೆಗೆದ.

“ಜೆಂಗೆ? ಇಷ್ಟು ಬೇಗ ಹೇಗೆ ಬಂದ್ರಿ? ಕಾಲು ನಿಜವಾಗ್ಲೂ ಸರಿಹೋಗಿದೆ.”

“ತಿಲೆಕ್, ಕೇಳು. ಹಾಗೇ ಹಿಂದಕ್ಕೆ ಹೆಜ್ಜೆ ಇಡು. ರಾತ್ರಿಯಿಡೀ ಗಾಳಿ ಬೀಸಿದೆ. ನಿನ್ನೆ ಇದ್ದ ಹಿಮ ಅಲ್ಲ ಅದು.”

“ನಿಮ್ಮ ಗೆರೆ ಇನ್ನೂ ಕಾಣ್ತಿದೆ. ಅದರ ಪಕ್ಕದಲ್ಲೇ ಇಳೀತೀನಿ. ಒಂದು ಮಾರು ಆಚೆ, ಅಷ್ಟೇ.”

“ನಿನ್ನ ಕಾಲಿಗೆ ಬೀಳ್ತೀನಿ.”

ಒಂದು ಗಳಿಗೆ ಬರೀ ಗೊರಗೊರ ಸದ್ದು. ಆಮೇಲೆ ಅವನ ದನಿ, ಮೆತ್ತಗೆ: “ಕೆಳಗೆ ಸಿಗೋಣ, ಜೆಂಗೆ. ಚಹಾ ನಂದು.”

ಅವನು ಗಂಟಲನ್ನು ಚೆನ್ನಾಗಿಯೇ ದಾಟಿದ. ಒಂದು ತಿರುವು, ಎರಡು, ಮೂರು. ನಾಲ್ಕನೆಯದರಲ್ಲಿ ಬುರುಲ್‌ಗೆ ಕಿವಿಗಿಂತ ಮೊದಲು ಪಾದಕ್ಕೆ ಕೇಳಿಸಿತು. ‘ವುಂ’. ಅವನ ಮೇಲ್ಗಡೆ ಬಂಡೆಯಿಂದ ಬಂಡೆಗೆ ಒಂದು ಕಪ್ಪು ಗೀಟು ಓಡಿತು; ಅವಳು ನಿಂತ ಮರದಿಂದ ಹತ್ತು ಹೆಜ್ಜೆ ಆಚೆಗೆ ಬಂದು ನಿಂತಿತು. ಅರೆಕ್ಷಣ ಏನೂ ಅಲುಗಲಿಲ್ಲ. ಆಮೇಲೆ ಕೊಪ್ಪರಿಗೆಯ ಅರ್ಧ ಹಾಸು, ಊಟದ ಮೇಜಿನ ಬಟ್ಟೆ ಎಳೆದ ಹಾಗೆ, ಒಟ್ಟಿಗೆ ಕೆಳಗೆ ಹೊರಟಿತು. ತಿಲೆಕ್ ಅದರ ನಡುವೆ ನಿಂತೇ ಇದ್ದ. ಒಂದು ಕೈ ಮೇಲೆತ್ತಿದ. ಹಿಮದ ಹಲಗೆಗಳು ಒಡೆದು ನಿಗುರಿದವು. ಬಿಳಿ ಧೂಳು ಎದ್ದಿತು. ಅದು ಇಳಿದಾಗ ಅವನಿರಲಿಲ್ಲ.

ಅವಳು ಅವನನ್ನು ಕೊನೆಗೆ ಕಂಡ ಜಾಗದ ನೇರಕ್ಕೆ ಕೆಳಗೆ ಕಣ್ಣು ನೆಟ್ಟು, ಗಡಿಯಾರ ನೋಡಿದಳು. ಒಂಬತ್ತು ಗಂಟೆ ಮೂರು ನಿಮಿಷ. ವಾಕಿ-ಟಾಕಿಯಲ್ಲಿ ಮೆದೆರ್‌ಗೆ ಎರಡೇ ಮಾತು ಹೇಳಿದಳು. ಆಮೇಲೆ ಮರಗಳ ಅಂಚಿನಿಂದಲೇ ಅಡ್ಡಕ್ಕೆ ಕೊಪ್ಪರಿಗೆಯೊಳಗೆ ಹೊರಳಿದಳು.

ಹಿಮ ಜಾರಿ ಹೋದ ಜಾಗ ಗಾಜಿನಂತೆ ಗಟ್ಟಿಯಾಗಿತ್ತು. ಅಲ್ಲಲ್ಲಿ ಹುಲ್ಲು, ಕಲ್ಲು. ಮೇಲ್ಗಡೆ ಉಳಿದರ್ಧ ಹಾಗೇ ನೇತಾಡುತ್ತಿತ್ತು, ಒಡೆದ ಅಂಚು ಸೊಂಟದೆತ್ತರ. ಅದನ್ನು ಅವಳು ಒಂದೇ ಸಲ ನೋಡಿದಳು, ಮತ್ತೆ ನೋಡಲಿಲ್ಲ. ಕಾಲು, ಭಾರ, ಅಂಚು, ಯಾವುದನ್ನೂ ಯೋಚಿಸಲಿಲ್ಲ. ಕಾಲುಗಳು ತಮ್ಮ ಕೆಲಸ ತಾವು ಮಾಡಿದವು. ಹಿಂದಿನ ಬುರುಲ್ ಆಗಿದ್ದರೆ ಆ ಗಾಜಿನ ಮೇಲೆ ಎರಡನೆಯ ತಿರುವಿಗೇ ಜಾರಿ ಬಂಡೆಗೆ ಬಡಿಯುತ್ತಿದ್ದಳು. ಹಿಂದಿನ ಬುರುಲ್ ಆಗಿದ್ದರೆ ಅಲ್ಲಿಗೆ ಬರುವ ಸಂದರ್ಭವೇ ಇರುತ್ತಿರಲಿಲ್ಲ.

ಕೆಳಗೆ ಹಿಮ ಕಲ್ಲುಗಳ ರಾಶಿಯಂತೆ ಬಿದ್ದಿತ್ತು. ಹಿಮದಡಿ ಹೂತವನ ಬೀಪರಿನ ಸಂಕೇತ ಹಿಡಿಯಲು, ಎದೆಗೆ ಕಟ್ಟಿದ ತನ್ನ ಬೀಪರನ್ನು ಹುಡುಕುವ ಕಡೆಗೆ ತಿರುಗಿಸಿದಳು. ಏನೂ ಇಲ್ಲ. ಮುಂದೆ ನಡೆದಳು. ಏನೂ ಇಲ್ಲ. ಇವನು ಬೀಪರ್ ಕಟ್ಟಿಕೊಂಡೇ ಬಂದಿಲ್ಲವೇನೋ ಎನ್ನಿಸಿತು. ಆಗ ಬೀಪರಿನಿಂದ ಸಣ್ಣಗೆ ಒಂದು ಕೂಗು, ಇನ್ನೊಂದು. ಅದರ ಪರದೆಯ ಮೇಲೆ ದೂರದ ಅಂಕಿ ಇಳಿಯಿತು: ಮೂವತ್ತು, ಹನ್ನೆರಡು, ನಾಲ್ಕು. ಮಂಡಿಯೂರಿ ಚುಚ್ಚುಗೋಲು ಇಳಿಸಿದಳು. ಮೂರನೆಯ ಸಲ ಅದು ಮೆತ್ತಗಿನದೇನನ್ನೋ ತಾಗಿ ನಿಂತಿತು.

ಸಲಿಕೆಯಿಂದ ಅಗೆದಳು. ಸುರಿದ ಹಿಮ ಅಷ್ಟರಲ್ಲೇ ಸಿಮೆಂಟಿನಂತೆ ಹಿಡಿದುಕೊಂಡಿತ್ತು. ಒಂದು ಮಾರಿಗಿಂತ ಸ್ವಲ್ಪ ಕಡಿಮೆ ಆಳ. ಮೊದಲು ಕೈಗವಸು ಸಿಕ್ಕಿತು, ಆಮೇಲೆ ಭುಜ, ಆಮೇಲೆ ಮುಖ. ತುಟಿ ನೀಲಿಯಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ಬಾಯಿಯೊಳಗೆ ಬೆರಳು ಹಾಕಿ ಹಿಮ ತೆಗೆದಳು. ಉಸಿರಿಲ್ಲ. ಬಾಯಿಗೆ ಬಾಯಿಟ್ಟು ಊದಿದಳು. “ಉಸಿರಾಡೋ, ಕತ್ತೆ. ಉಸಿರಾಡೋ,” ಎಂದು ಬೈಯುತ್ತಾ ಊದಿದಳು. ಆರನೆಯ ಸಲವೋ ಏಳನೆಯ ಸಲವೋ ಊದಿದಾಗ ಅವನ ಗಂಟಲು ಗೊರಕ್ ಎಂದಿತು. ಗಂಟೆ ಒಂಬತ್ತು ಇಪ್ಪತ್ತೊಂದು.

ಮೆದೆರ್ ಆರು ಜನರೊಂದಿಗೆ ಹಿಮದ ಯಂತ್ರದಲ್ಲಿ ಬಂದಾಗ ಅವಳು ಮೈದುನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಜಾಕೆಟ್ ಹೊದಿಸಿ, ಮೇಲೆ ನೇತಾಡುತ್ತಿದ್ದ ಅರ್ಧದ ಕಡೆಗೆ ಬೆನ್ನು ಮಾಡಿ ಕೂತಿದ್ದಳು.

*

ತಿಲೆಕ್ ಬದುಕಿದ. ಮೊಣಕಾಲು ಪುಡಿಯಾಗಿತ್ತು, ಮೂರು ಪಕ್ಕೆಲುಬು ಮುರಿದಿದ್ದವು. ದನಿ ಮಾತ್ರ ಹಿಂದಿನದು ಮರಳಲಿಲ್ಲ. ಒಡಕು ಮಡಕೆಯ ಸದ್ದಾಯಿತು. ಕರಕೋಲ್‌ನ ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡು ಬುರುಲ್ ಜಿನಾಯ್ದಾ ಪಾವ್ಲೊವ್ನಾ ಮನೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, “ತಪ್ಪು ನಂದು,” ಎಂದಳು.

“ಸಾಲಲ್ಲಿ ನಿಲ್ಲು,” ಎಂದಳು ಮುದುಕಿ. “ನಿನಗಿಂತ ಮೊದಲು ನಾನು ಬಂದಿದೀನಿ.” ಆಮೇಲೆ ಕೇಳಿದಳು: “ಆ ಗಾಜಿನ ಮೇಲೆ ಅಂಚು ಹಿಡೀತಾ?”

“ಹಿಡೀತು.”

“ಹಾಗಾದ್ರೆ ಏನು ಹೇಳ್ಬೇಕೋ ನನಗೂ ಗೊತ್ತಿಲ್ಲ.”

ಊರಿಗೆ ಮರಳಿದ ಬುರುಲ್ ಎಲ್ಲ ಮಾರ್ಗದರ್ಶಿಗಳನ್ನು ಹಳೆಯ ಗಣಿ ಕೆಲಸಗಾರರ ಸಂಘದ ಕೋಣೆಗೆ ಕರೆಸಿದಳು. ಒಂಬತ್ತು ಜನ. ಹೇಳುವುದು ಬೇಡ ಎಂದಿದ್ದ ಮೆದೆರ್. ಅವಳು ಕೇಳಲಿಲ್ಲ. ಎದ್ದು ನಿಂತು, ಇಷ್ಟು ವರ್ಷ ಕೊಪ್ಪರಿಗೆಯನ್ನು ಮುಚ್ಚಿಟ್ಟದ್ದು ತನ್ನ ಕಾಲಿನ ಹೆದರಿಕೆಯೂ ಇರಬಹುದು, ಹಿಮವೂ ಇರಬಹುದು, ಎರಡನ್ನೂ ಬೇರೆ ಮಾಡಿ ನೋಡಿರಲಿಲ್ಲ ಎಂದಳು. ಈ ವರ್ಷ ಮಾತ್ರ ಹಿಮವೇ. ಕೊಪ್ಪರಿಗೆ ಮಾತ್ರವಲ್ಲ, ಉತ್ತರಕ್ಕೆ ಮುಖ ಮಾಡಿದ ಯಾವ ಬೋಳು ಇಳಿಜಾರೂ ಬೇಡ ಎಂದಳು.

ಅವಳಷ್ಟೇ ವಯಸ್ಸಿನ ಸಾಗಿನ್ ಎಂಬುವನು ಟೋಪಿ ತಿರುಗಿಸುತ್ತಾ ಕೇಳಿದ. ಒರಟನಲ್ಲ, ಮರ್ಯಾದಸ್ಥ.

“ಬುರುಲ್, ಬೇಜಾರು ಮಾಡ್ಕೋಬೇಡ. ಹಾಗಾದ್ರೆ ಇನ್ನೂ ಯಾವ್ಯಾವ ಜಾಗ ನಿನ್ನ ಕಾಲು ಮುಚ್ಚಿಟ್ಟಿದೆ?”

ಯಾರೂ ನಗಲಿಲ್ಲ. ಒಬ್ಬೊಬ್ಬರೇ ಎದ್ದು, ಅವಳ ಕೈ ಹಿಡಿದು, ತಿಲೆಕ್ ಬೇಗ ಗುಣವಾಗಲಿ ಎಂದು ಹಾರೈಸಿ ಹೊರಗೆ ಹೋದರು. ಅವರ ಕಣ್ಣುಗಳು ಕಿಟಕಿಯಾಚೆ ಬೆಟ್ಟದ ಮೇಲಿದ್ದವು. ಇಷ್ಟು ಕಾಲ ಇಲ್ಲ ಎಂದುಕೊಂಡಿದ್ದ ಜಾಗಗಳನ್ನು ಒಂದೊಂದಾಗಿ ಎಣಿಸುವವರಂತೆ.

ಫೆಬ್ರವರಿಯಲ್ಲಿ ಮತ್ತೆ ಹಿಮ ಬಿತ್ತು. ಮೂರನೆಯ ದಿನ ಬೆಳಿಗ್ಗೆ ಸಾಗಿನ್ ನಾಲ್ವರು ಅತಿಥಿಗಳನ್ನು ಕರೆದುಕೊಂಡು ಅವಳ ಬೇಲಿಯ ಮುಂದೆ ಹಾದುಹೋದ. ಉತ್ತರದ ಕಣಿವೆಯ ಕಡೆಗೆ. ಬುರುಲ್ ಬಾಗಿಲಿಗೆ ಬಂದು, “ಸಾಗಿನ್, ಬೇಡ,” ಎಂದಳು. ಅವನು ನಿಂತು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿ, “ನೋಡ್ಕೊಂಡು ಹೋಗ್ತೀವಿ,” ಎಂದು ಹೇಳಿ ಮುಂದೆ ನಡೆದ.

ಅವಳು ಒಳಗೆ ಹೋಗಿ ಬೂಟು ಹಾಕಿಕೊಂಡಳು. ಚೀಲಕ್ಕೆ ಎರಡು ಸಲಿಕೆ, ಕಂಬಳಿ, ಬಿಸಿ ಚಹಾ ತುಂಬಿದಳು. ಮೆದೆರ್ ಯಂತ್ರಕ್ಕೆ ಡೀಸೆಲ್ ಹಾಕಲು ಎದ್ದ. ಬುರುಲ್ ಸ್ಕೀ ಕಟ್ಟಿಕೊಂಡು ಅವರ ಜಾಡು ಹಿಡಿದು ಹೊರಟಳು, ಐವತ್ತು ಹೆಜ್ಜೆ ಹಿಂದೆ. ಅವರು ತಿರುಗಿ ನೋಡಲಿಲ್ಲ. ಮೇಲೆ ಬಿಸಿಲು ಬೀಳತೊಡಗಿತ್ತು, ಗಾಳಿ ಇರಲಿಲ್ಲ, ಕಾಲ ಕೆಳಗೆ ಸದ್ದೂ ಇರಲಿಲ್ಲ.